ಮನೆದೇವರಿಗೆ ಹೂ ಕೇಳಿದ್ದು

ರಾಯಲ್ಪಾಡಿನ ಸಂಬಂಧ ಬಂದಾಗ ನನಗೆ ಹದಿನಾರು. ಹುಡುಗ ಅನ್ನುವುದಕ್ಕೆ ಬಾಯಿ ಬಾರದು. ಹೆಂಡತಿ ಸತ್ತವನು, ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವನಿರಬಹುದು. ಮಾವಿನ ತೋಪಿತ್ತು, ಬೇಸಗೆಯಲ್ಲೂ ಬತ್ತದ ಬಾವಿಯಿತ್ತು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ನನಗೆ ಸುತರಾಂ ಇಷ್ಟವಿರಲಿಲ್ಲ, ಆದರೆ ನನ್ನನ್ನು ಕೇಳುವವರು ಯಾರು? ಕೇಳಬೇಕಾದದ್ದು ಮನೆದೇವರನ್ನು ಎಂದು ಅಜ್ಜಿ ಪಟ್ಟು ಹಿಡಿದಳು. ವಿಗ್ರಹದ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂ ಅಂಟಿಸಿ ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ನಮ್ಮ ಮನೆಯ ಮದುವೆಗಳೆಲ್ಲ ಹಾಗೆಯೇ ಇತ್ಯರ್ಥವಾಗುತ್ತಿದ್ದವು.

ಕಷ್ಟವೇನೆಂದರೆ ಆ ದೇವರಿದ್ದದ್ದು ಹಾಳೂರಿನಲ್ಲಿ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಬಿಟ್ಟು ಬಂದ ಊರು, ಗೌನಿಪಲ್ಲಿಯಾಚೆ ಕಾಡಿನೊಳಗೆ. ಯುದ್ಧದ ಕಾಲವದು, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಮುಳಬಾಗಿಲಿನಿಂದ ಹೊರಟ ಇದ್ದಿಲಿನ ಬಸ್ಸು ಏರು ಕಂಡಲ್ಲೆಲ್ಲ ನಿಲ್ಲುತ್ತಿತ್ತು. ಎಲ್ಲರೂ ಇಳಿದು ತಳ್ಳಬೇಕಿತ್ತು. ಕಾಡು ಸೇರುವಷ್ಟರಲ್ಲೇ ನನ್ನ ಅರ್ಧ ಜೀವ ಹೋಗಿತ್ತು. ಕಾಡೆಂದರೆ ನೆರಳೇ ಇಲ್ಲದ ಕಾಡು: ಕಾರೆಮುಳ್ಳು, ಲಂಟಾನ, ಕಾದ ಬಂಡೆ. ಅಜ್ಜಿಗೆ ಉಪವಾಸ, ಆದ್ದರಿಂದ ಜೊತೆಗಿದ್ದ ಅಪ್ಪನಿಗೂ ನನಗೂ ಉಪವಾಸ. ಅಲ್ಲಿನ ಬಾವಿ ಹೂತುಹೋಗಿದ್ದರಿಂದ ನೀರಿನ ಬಿಂದಿಗೆ ನನ್ನ ತಲೆಯ ಮೇಲೆ. ದೇವರ ನೀರು, ಕುಡಿಯುವ ಹಾಗಿಲ್ಲ. ಎಡಗಡೆಯದೇ ಬೀಳಲಿ, ಎಡಗಡೆಯದೇ ಬೀಳಲಿ ಎಂದು ಬೇಡಿಕೊಳ್ಳುತ್ತ ನಡೆದೆ. ಬಿಸಿಲೇರಿದ ಮೇಲೆ ಅದನ್ನೂ ಬಿಟ್ಟೆ.

ಹಾಳೂರಿನಲ್ಲಿ ಉಳಿದಿದ್ದದ್ದು ಮುರಿದ ಕೋಟೆಬಾಗಿಲು, ಗೋಡೆಗಳ ಬುಡ, ಮನೆಗಳ ನಡುವೆ ಬೆಳೆದ ಸೀತಾಫಲದ ಗಿಡ. ಒಂದು ಕಲ್ಲುಗುಡ್ಡೆ ತೋರಿಸಿ ಅಜ್ಜಿ “ಇದೇ ನಮ್ ಮನೆ” ಅಂದಳು. ಸ್ವಲ್ಪ ದೂರ ಹೋಗಿ ಇನ್ನೊಂದನ್ನು ತೋರಿಸಿಯೂ ಹಾಗೇ ಅಂದಳು. ನಗುವಷ್ಟು ತ್ರಾಣ ನನಗಿರಲಿಲ್ಲ.

ಗುಡಿಯ ಸೂರು ಕುಸಿದಿತ್ತು. ನಿಧಿಯ ಆಸೆಗೆ ಯಾರೋ ಪೀಠದ ಕೆಳಗೆ ಅಗೆದು, ದೇವರನ್ನು ಅಂಗಾತ ಕೆಡವಿ ಹೋಗಿದ್ದರು. ಅಪ್ಪ ಎತ್ತಲು ನೋಡಿದ, ಕಲ್ಲು ಅಲುಗಲಿಲ್ಲ. ಮಲಗಿದ ದೇವರ ಮೇಲಿಟ್ಟ ಹೂ ಎಲ್ಲಿಗೆ ಬೀಳಬೇಕು? ಆದರೂ ಅಜ್ಜಿ ಇಟ್ಟಳು, ಕೈಮುಗಿದು ಕಾದಳು. ಹೂ ಇಟ್ಟಲ್ಲೇ ಬಾಡಿತು.

“ಜನ ಕರ್ಕೊಂಡ್ ಬಂದು ನಿಲ್ಲಿಸಿ ಮತ್ತೆ ಕೇಳಾಣ ಬಿಡಮ್ಮ” ಎಂದ ಅಪ್ಪ.

ಅಜ್ಜಿ ಗೋಡೆಗೆ ಒರಗಿ ಕೂತು ನನ್ನ ಕಡೆ ತಿರುಗಿದಳು. “ಚೆಪ್ಪು ತಲ್ಲೀ, ನೀನೇ ಹೇಳು. ನೀನು ಬ್ಯಾಡ ಅಂದ್ರೆ ಬ್ಯಾಡ. ದೇವ್ರೇ ಹೇಳ್ದಂಗೆ ಅಂದ್ಕೊಂತೀನಿ.”

ನಮ್ಮ ಮನೆಯಲ್ಲಿ ನನ್ನ ಇಷ್ಟ ಕೇಳಿದ್ದು ಅದೇ ಮೊದಲು, ಅದೇ ಕೊನೆ. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಬೇಡ ಅಂದರೆ ಅಪ್ಪ ಸುಮ್ಮನಿರುತ್ತಿರಲಿಲ್ಲ. ಅಲ್ಲೇ ಜಗಳ ಶುರುವಾಗುತ್ತಿತ್ತು, ದೇವರನ್ನು ನಿಲ್ಲಿಸಿಯೇ ಕೇಳೋಣ ಅನ್ನುತ್ತಿದ್ದ, ಮತ್ತೊಮ್ಮೆ ಆ ದಾರಿಯನ್ನೆಲ್ಲ ನಡೆದು ಬರಬೇಕಾಗುತ್ತಿತ್ತು. ನಾಲಿಗೆ ಒಣಗಿತ್ತು, ಕಾಲು ನನ್ನವಲ್ಲ ಅನ್ನಿಸುತ್ತಿತ್ತು. ಎಲ್ಲಾದರೂ ಹೋಗಿ ಮಲಗಿದರೆ ಸಾಕಾಗಿತ್ತು ನನಗೆ.

“ಆಗ್ಲಿ ಅಜ್ಜಿ, ಮನೆಗ್ ಹೋಗಾಣ” ಅಂದೆ.

ಅಪ್ಪ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.