ಟೆಸ್ಟಿಗೆ ತಲುಪದ ವಿಳಾಸ

ಐರೋಲಿಯ ಆಫೀಸಿನಲ್ಲಿ ನಮ್ಮ ತಂಡ ನೋಡಿಕೊಳ್ಳುತ್ತಿದ್ದದ್ದು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಳೆಯದೊಂದು ಸಾಫ್ಟ್‌ವೇರ್ ಪ್ಯಾಕೇಜು. ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಗ್ಯಾಸ್ ಸೋರಿದರೆ ಸೆನ್ಸರಿನ ಸೂಚನೆ ಓದಿ ಸೈರನ್ ಕೂಗಿಸುವುದು ಅದರ ಕೆಲಸ. ಆ ಕಾರ್ಖಾನೆಯ ಹಿಂದಿನ ಸೊಸೈಟಿಯಲ್ಲೇ ನಮ್ಮ ಮನೆ. ಹಾಗಾಗಿ ತಟಸ್ಥನಾಗಿರುವ ಸೌಲಭ್ಯ ನನಗಿರಲಿಲ್ಲ.

ಹೊಸ ಆವೃತ್ತಿ ಹೊರಡುವ ಮುನ್ನ ಟೆಸ್ಟ್ ಓಡಿಸಬೇಕು; ಯಾವ ಸೆನ್ಸರನ್ನು ಪರೀಕ್ಷಿಸಬೇಕೋ ಅದರ ವಿಳಾಸವನ್ನು ನಾವೇ ಕೊಡಬೇಕು. ಎಲ್ಲರೂ ‘ಮೇಕ್ ಟೆಸ್ಟ್’ ಎಂದು ಟೈಪಿಸಿ, ಮುಂದೆ ‘ಸೆನ್ಸರ್=’ ಎಂದು ವಿಳಾಸ ಬರೆಯುತ್ತಿದ್ದರು. ಹಿಂದಿನವರು ಹಾಗೇ ಮಾಡಿದ್ದರು. ಪಾಸ್ ಎಂದು ಬರುತ್ತಿತ್ತು, ಚಹಾಕ್ಕೆ ಏಳುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಂಡದ್ದು: ಎದುರಾಳಿ ತೀರಾ ಸುಲಭವಾಗಿ ಒಪ್ಪಿದನೆಂದರೆ ನಮ್ಮ ಮಾತನ್ನು ಅವನು ಕೇಳಿಯೇ ಇಲ್ಲ ಎಂದರ್ಥ. ಅನುಮಾನದಿಂದ, ಎಲ್ಲೂ ಇಲ್ಲದ ಸೆನ್ಸರೊಂದರ ವಿಳಾಸ ಕೊಟ್ಟೆ. ಅದೂ ಪಾಸ್!

ಒಳಹೊಕ್ಕು ನೋಡಿದೆ. ಟೆಸ್ಟ್ ಸ್ಕ್ರಿಪ್ಟು ವಿಳಾಸ ಹುಡುಕುವ ಜಾಗಕ್ಕೆ ನಾವು ಟೈಪಿಸಿದ್ದು ತಲುಪುತ್ತಲೇ ಇರಲಿಲ್ಲ. ವಿಳಾಸ ಸಿಗದ ಸ್ಕ್ರಿಪ್ಟು ಸೆನ್ಸರನ್ನು ಮುಟ್ಟದೆ ‘ಸ್ಕಿಪ್’ ಎಂದು ಗುರುತು ಹಾಕಿ ಸುಮ್ಮನಾಗುತ್ತಿತ್ತು. ಸ್ಕಿಪ್ ಆದದ್ದೂ ಪಾಸಿನ ಲೆಕ್ಕಕ್ಕೇ. ‘ಪ್ರೂವ್’ ಎಂಬ ಇನ್ನೊಂದು ಕಮಾಂಡ್ ಇದೆ. ಅದರಲ್ಲಿ ಜೋಡಿ ಕೋಲನ್ ಹಾಕಿ ಆಚೆ ಬರೆದದ್ದೆಲ್ಲ ನೇರ ಸ್ಕ್ರಿಪ್ಟಿಗೆ ಹೋಗುತ್ತದೆ. ಹಾಗೆ ಸರಿಯಾದ ವಿಳಾಸ ಕಳಿಸಿದೆ. ಫೇಲ್. ಪರೀಕ್ಷೆಗೆಂದು ಹುಟ್ಟಿಸಿದ ಸೋರಿಕೆಯ ಸೂಚನೆ ಬಂತು, ಸೈರನ್ ಕೂಗಲಿಲ್ಲ.

ಬೆಂಗಳೂರಿನವರಾದ ನಮ್ಮ ಮ್ಯಾನೇಜರಿಗೆ ತೋರಿಸಿದೆ.

“ಅಲ್ಲ ಕಣಯ್ಯಾ, ರಿಪೋರ್ಟಲ್ಲಿ ಪಾಸ್ ಇದೆಯಲ್ಲ?”

“ಸ್ಕಿಪ್ ಆಗಿದೆ ಸರ್. ಪರೀಕ್ಷೆಗೇ ಕೂರದವನನ್ನ ಪಾಸ್ ಅಂತೀರಾ?”

“ಅಬ್ಬಾ, ವಕೀಲ್ ಸಾಬ್! ನಿನ್ನ ಪಾಯಿಂಟ್ ಕರೆಕ್ಟು. ಆದ್ರೆ ಇವತ್ತು ಕಳಿಸ್ತೀವಿ ಅಂತ ಹೇಳಾಗಿದೆ. ನೆಕ್ಸ್ಟ್ ರಿಲೀಸಲ್ಲಿ ನೋಡೋಣ.”

“ಗ್ಯಾಸು ಅಲ್ಲೀತನಕ ಕಾಯುತ್ತಾ?”

“ಇಷ್ಟು ವರ್ಷ ಕಾದಿಲ್ವಾ?”

ವಿರೋಧಿಸುವವನನ್ನು ಸೋಲಿಸಬಹುದು. ಒಪ್ಪಿಕೊಂಡೂ ಅಲುಗದವನನ್ನು ಏನು ಮಾಡುವುದು? ನಾನು ಟೆಸ್ಟ್ ಓಡಿಸಲು ಒಪ್ಪಲಿಲ್ಲ. ಅವರೇ ಹಳೆಯ ರೀತಿಯಲ್ಲಿ ಓಡಿಸಿ ಕಳಿಸಿದರು. ಎಚ್ಚರಿಸೋಣವೆಂದು ಕಾರ್ಖಾನೆಗೆ ಫೋನ್ ಮಾಡಿದೆ. “ರಿಪೋರ್ಟ್ ಮಿಳಾಲಾ. ಪಾಸ್ ಆಹೇ ನಾ? ಬಸ್!” ಎಂದು ಆಚೆಯವರು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟುಬಿಟ್ಟರು; ರಿಪೋರ್ಟ್ ಸಿಕ್ಕಿದೆ, ಪಾಸ್ ಇದೆ, ಅವರಿಗೆ ಅಷ್ಟು ಸಾಕು.

ಸಂಜೆ ಮನೆಗೆ ಬಂದವನೇ ಕಿಟಕಿಗಳನ್ನು ಮುಚ್ಚಿದೆ.

“ಎಂಥ ಸೆಕೆ ಮಾರಾಯ! ಯಾಕೆ ಹಾಕಿದ್ದು?” ಎಂದಳು ಅಮ್ಮ.

“ವಾಸನೆ.”

“ಅದು ದಿನಾ ಇರುವುದೇ ಅಲ್ವಾ? ಹೆಚ್ಚುಕಮ್ಮಿ ಆದ್ರೆ ಸೈರನ್ ಕೂಗ್ತದೆ.”

“ಕೂಗಲ್ಲ ಅಮ್ಮ.”

“ಹೌದು, ನಿನಗೆ ಎಲ್ಲದಕ್ಕೂ ಒಂದು ವಾದ,” ಎಂದು ಒಂದೊಂದೇ ಕಿಟಕಿ ತೆರೆಯತೊಡಗಿದಳು.