ಹಂಡೆಯೊಳಗಿನ ಗುಟ್ಟು

ಚನ್ನರಾಯಪಟ್ಟಣದ ಪಾತ್ರೆ ಅಂಗಡಿ ಪದ್ಮಕುಮಾರ್ ರಕ್ತ ಕುಡಿಯುತ್ತಾನೆ ಎಂದು ಮೊದಲು ಸುದ್ದಿ ಹಬ್ಬಿಸಿದವನು ಪಕ್ಕದ ಕಾಫಿಪುಡಿ ಅಂಗಡಿಯ ಗುಂಡಯ್ಯ. ಬೇರೆ ಯಾರ ಬಗ್ಗೆಯಾದರೂ ಹೇಳಿದ್ದರೆ ಹೋಗಲಿ ಎನ್ನಬಹುದಿತ್ತು. ನಮ್ಮ ಪದ್ಮಣ್ಣ ಗೆಡ್ಡೆಗೆಣಸು ಮುಟ್ಟದ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತದ, ನೀರನ್ನೂ ಬಟ್ಟೆಯಲ್ಲಿ ಸೋಸಿಯೇ ಕುಡಿಯುವ ಜೈನರ ಮನೆಯವನು. ಆದರೂ ಸುದ್ದಿ ಊರು ಸುತ್ತಿತು. ಸುದ್ದಿಗೇನು, ಅದಕ್ಕೆ ಬಸ್ ಚಾರ್ಜೇ?

"ನಾನೇ ಮೊಬೈಲಲ್ಲಿ ನೋಡಿವ್ನಿ ಕಣ್ಲಾ ರಾಮಣ್ಣ," ಎಂದು ಗುಂಡಯ್ಯ ಗಿರಾಕಿಗೆ ಪುಡಿ ತೂಗುತ್ತಾ ಹೇಳುತ್ತಿದ್ದ. "ಫ್ರೀಮೇಸನ್ ಅಂತಾರೆ. ಆಸನದಲ್ಲಿ ಅವ್ರದೊಂದು ಭೂತದ ಬಂಗ್ಲೆ ಐತೆ. ಒಳೀಕೆ ಓದ್ರೆ ಕಣ್ಣು ಕಟ್ತಾರೆ, ರಕ್ತ ಕುಡುಸ್ತಾರೆ. ಸೇರ್ಕಂಡೋನು ಕೋಟ್ಯಾಧಿಪತಿ, ಗುಟ್ಟು ಬಿಟ್ಟೋನು ಮಟಾಷ್."

"ಅಂಗಾರೆ ಪದ್ಮಣ್ಣ ಇನ್ನೂ ಅದೇ ಹಳೇ ಸ್ಕೂಟರ್‌ನಾಗೆ ಯಾಕೆ ಓಡಾಡ್ತಾನೆ?"

"ತೋರಿಸ್ಕಣಂಗಿಲ್ಲ ಕಣ್ಲಾ. ಅದೇ ಗುಟ್ಟು."

ರಾಮಣ್ಣ ಪುಡಿ ಪೊಟ್ಟಣ ತೆಗೆದುಕೊಂಡು ಹೊರಟ.

ನಿಜಕ್ಕೂ ಆಗಿದ್ದು ಇಷ್ಟು. ಹಾಸನದ ಪಶುವೈದ್ಯ ಚಂದ್ರಮೌಳಿ ತಮ್ಮ ಮಗಳು ತೇಜಶ್ರೀಯ ಮದುವೆಗೆ ಪಾತ್ರೆ ಕೊಳ್ಳಲು ಬಂದಿದ್ದರು. ಪದ್ಮಣ್ಣ ಒಂದೊಂದು ತಟ್ಟೆಯ ಅಂಚಿನಲ್ಲೂ ಮಷಿನ್ನಿನಿಂದ ಹೆಸರು ಕೊರೆಯುತ್ತಿದ್ದ. ಅವನ ಅಂಥ ಸಮಾಧಾನ ನೋಡಿ, "ನಮ್ಮ ಲಾಡ್ಜಿಗೆ ನಿಮ್ಮಂಥವರು ಬೇಕು, ಒಂದು ಸಂಜೆ ಬನ್ನಿ," ಎಂದು ಕರೆದರು. ಲಾಡ್ಜ್ ಎಂದರೆ ರೂಮು ಬಾಡಿಗೆಗೆ ಕೊಡುವ ಲಾಡ್ಜಲ್ಲ, ಫ್ರೀಮೇಸನ್ನರು ಸಭೆ ಸೇರುವ ಸಂಘ. ಪದ್ಮಣ್ಣನಿಗೂ ಒಳಗೊಳಗೇ ಆಸೆಯಾಯಿತು. ಬೆಳಗಿನಿಂದ ಸಂಜೆಯವರೆಗೆ ಅವನ ಜೊತೆ ಮಾತಾಡುವವರೆಲ್ಲ "ಇನ್ನೊಂಚೂರು ಕಮ್ಮಿ ಮಾಡ್ಕಳಿ" ಎಂಬ ಒಂದೇ ಮಾತು ಆಡುತ್ತಿದ್ದರು. ಚೌಕಾಸಿ ಇಲ್ಲದ ಜಾಗದಲ್ಲಿ ಸ್ವಲ್ಪ ಹೊತ್ತು ಕೂರಬೇಕೆಂಬ ಬಯಕೆ ಅವನದು. ದೊಡ್ಡವರ ಪರಿಚಯವಾದರೆ ಒಂದೆರಡು ಕಲ್ಯಾಣಮಂಟಪದ ಪಾತ್ರೆಯ ಆರ್ಡರ್ ಸಿಕ್ಕೀತು ಎಂಬ ಲೆಕ್ಕವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಸೇರಿದ ಮೇಲೆ ನೋಡಿದರೆ ಭೂತವೂ ಇಲ್ಲ, ಬಂಗಲೆಯೂ ಇಲ್ಲ. ಕಿರುಗುಟ್ಟುವ ಫ್ಯಾನಿನ ಹಳೆಯ ಹಾಲ್, ಕಪ್ಪುಬಿಳಿ ಚೌಕಳಿಯ ನೆಲ. ರಿಟೈರಾದ ಬ್ಯಾಂಕ್ ಮ್ಯಾನೇಜರು, ಕಾಲೇಜು ಮೇಷ್ಟ್ರು, ಒಬ್ಬ ಕಂಟ್ರಾಕ್ಟರು. ಎಲ್ಲರೂ ಕಪ್ಪು ಕೋಟು, ಬಿಳಿ ಗ್ಲೌಸು ಹಾಕಿಕೊಂಡು, ಬಾಯಿಪಾಠ ಮಾಡಿದ ಇಂಗ್ಲಿಷ್ ಮಾತುಗಳನ್ನು ಗಂಭೀರವಾಗಿ ಒಪ್ಪಿಸುತ್ತಿದ್ದರು. ನಡುವೆ ಯಾರಾದರೂ ಮರೆತರೆ ಹಿಂದಿನಿಂದ ಒಬ್ಬರು ಪಿಸುಗುಟ್ಟಿ ನೆನಪಿಸುವರು, ಥೇಟ್ ಶಾಲೆಯ ನಾಟಕ. ಒಬ್ಬನೇ ಒಬ್ಬ ಅವನ ಅಂಗಡಿಯಿಂದ ಒಂದು ಸೌಟೂ ಕೊಳ್ಳಲಿಲ್ಲ. ಬದಲಿಗೆ ಕೊಣನೂರಿನ ಕಣ್ಣಿನ ಶಿಬಿರದಲ್ಲಿ ಕುರ್ಚಿ ಹೊರಿಸಿದರು. ಆದರೆ ಆ ಹಾಲಿನೊಳಗೆ ಜಾತಿ, ರಾಜಕೀಯದ ಮಾತು ಎತ್ತುವಂತಿರಲಿಲ್ಲ. ಎಲ್ಲರೂ ಅವನನ್ನು ಬ್ರದರ್ ಎನ್ನುತ್ತಿದ್ದರು. ಅದು ಪದ್ಮಣ್ಣನಿಗೆ ಹಿಡಿಸಿತು. ಅಣ್ಣತಮ್ಮಂದಿರಿಲ್ಲದೆ ಬೆಳೆದವನು ಅವನು.

ಗುಟ್ಟು ಎಂದರೆ ಕೈ ಕುಲುಕುವ ಒಂದು ಬಗೆ, ಒಂದೆರಡು ಗುರುತಿನ ಮಾತು. ಅದನ್ನು ಹೊರಗೆ ಆಡುವುದಿಲ್ಲವೆಂದು ಅವನು ಪ್ರಮಾಣ ಮಾಡಿದ್ದ. ಅಷ್ಟನ್ನು ಬಚ್ಚಿಡುವುದು ಅವನಿಗೇನೂ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಬೇರೆ.

ಸೇರಿದ ಮೊದಲ ಸಂಜೆ ಅವನ ಸೊಂಟಕ್ಕೆ, ಲಾಡ್ಜಿನವರೆಲ್ಲ ಕಟ್ಟಿಕೊಳ್ಳುವಂಥ ಒಂದು ಬಿಳಿಯ ಏಪ್ರನ್ ಕಟ್ಟಿ, ಇನ್ನು ಇದು ನಿಮ್ಮದೇ ಎಂದಿದ್ದರು. ಕೈಗೆ ಬೆಣ್ಣೆಯ ಹಾಗೆ ಮೆತ್ತಗಿತ್ತು. ಎಂಥ ಒಳ್ಳೇ ಬಟ್ಟೆ ಎಂದುಕೊಂಡಿದ್ದ. ಬಸ್ ಸ್ಟ್ಯಾಂಡಿಗೆ ಬಿಡುವಾಗ ಚಂದ್ರಮೌಳಿ ಹೆಮ್ಮೆಯಿಂದ, "ಅಪ್ಪಟ ಕುರಿಮರಿ ಚರ್ಮ ಪದ್ಮಕುಮಾರ್, ಈಗೆಲ್ಲ ಸಿಗೋದೇ ಕಷ್ಟ," ಎಂದರು. ಪದ್ಮಣ್ಣ ಅದನ್ನು ಅಂಗಡಿಯಲ್ಲೇ ಬಿಟ್ಟು, ಮನೆಗೆ ಬಂದವನು ತಲೆಗೆ ನೀರು ಹೊಯ್ದುಕೊಂಡ. ಇದೇನು ಈ ಹೊತ್ತಿನಲ್ಲಿ ಸ್ನಾನ ಎಂದು ಹೆಂಡತಿ ಕ್ಷಮಾ ಕೇಳಿದರೆ ಬಸ್ಸಿನ ಧೂಳು ಎಂದ. ಮುಂದಿನ ಸಲ, ನಾವು ಜೈನರು, ಬಟ್ಟೆಯದು ಹೊಲಿಸಿಕೊಳ್ಳಲೇ ಎಂದು ಲಾಡ್ಜಿನಲ್ಲಿ ಕೇಳಿದ. ಧಾರಾಳವಾಗಿ ಎಂದರು. ಮೊದಲೇ ಬಾಯಿಬಿಟ್ಟಿದ್ದರೆ ಮೊದಲ ದಿನವೇ ಬಟ್ಟೆಯದನ್ನೇ ಕಟ್ಟುತ್ತಿದ್ದರು.

ಆ ಚರ್ಮದ್ದನ್ನು ಏನು ಮಾಡುವುದು? ಹಿಂದಕ್ಕೆ ಕೊಟ್ಟರೆ ಅವರಿಗೆ ಬೇಜಾರು, ಮನೆಗೆ ತರುವಂತಿಲ್ಲ. ಅಂಗಡಿಯ ಅಟ್ಟದಲ್ಲಿ ಅಪ್ಪನ ಕಾಲದ ತಾಮ್ರದ ಹಂಡೆಯೊಂದು ಗಿರಾಕಿಯಿಲ್ಲದೆ ಕೂತಿತ್ತು. ಅದರೊಳಗೆ ಹಾಕಿ ಮುಚ್ಚಳ ಮುಚ್ಚಿದ. ಆಮೇಲೆ ಕ್ಷಮಾ ಲಾಡ್ಜಿನ ಮಾತೆತ್ತಿದಾಗಲೆಲ್ಲ "ಹೇಳೋ ಹಂಗಿಲ್ಲ ಕಣೇ, ಪ್ರಮಾಣ ಮಾಡಿದೀನಿ" ಎಂಬ ಒಂದೇ ಉತ್ತರ. ಆ ಪ್ರಮಾಣ ಅವನಿಗೆ ಎಷ್ಟು ಅನುಕೂಲವಾಗಿತ್ತೆಂದರೆ, ತಾನು ಮುಚ್ಚಿಟ್ಟದ್ದು ಯಾರ ಗುಟ್ಟು ಎಂಬುದೇ ಅವನಿಗೆ ಮರೆತಂತಾಗಿತ್ತು.

ಹೀಗಿರುವಾಗ ಶ್ರವಣಬೆಳಗೊಳಕ್ಕೆ ಮುನಿಸಂಘ ಬಂತು. ಕ್ಷಮಾಳ ತವರು ಪಕ್ಕದ ಜಿನನಾಥಪುರ. ಮುನಿಗಳು ದಿನಕ್ಕೊಮ್ಮೆ, ಬೆಳಗಿನ ಹೊತ್ತು ಮಾತ್ರ, ಯಾರಾದರೂ ಗೃಹಸ್ಥರ ಮನೆಯಲ್ಲಿ ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಗಂಡ ಹೆಂಡತಿ ಮಡಿಯುಟ್ಟು, ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ಅವರು ನಿಂತರೆ ಪುಣ್ಯ, ಮುಂದೆ ಹೋದರೆ ಏನೂ ಮಾಡುವಂತಿಲ್ಲ. ಚಿಕ್ಕವಳಿದ್ದಾಗ ಅಮ್ಮ ರಾಜೀಮತಿ ಆಹಾರ ಕೊಟ್ಟದ್ದನ್ನು ಕಂಬದ ಮರೆಯಲ್ಲಿ ನಿಂತು ನೋಡಿದ್ದ ಕ್ಷಮಾಳಿಗೆ, ತನ್ನ ಕೈಯಿಂದ ಒಮ್ಮೆ ಕೊಡಬೇಕೆಂಬುದು ಅಂದಿನಿಂದಲೂ ಇದ್ದ ಆಸೆ.

ಹೊರಡುವ ಹಿಂದಿನ ದಿನ ಬಟ್ಟೆ ಮಡಿಸುತ್ತಾ ಅವಳು ಕೇಳಿದಳು. "ನಾವಿಬ್ರೂ ನಿಂತು ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಅಂತ ಹೇಳ್ಬೇಕು. ಬಾಯಿಗೆ ಬೀಗ ಹಾಕ್ಕೊಂಡು ನೀವು ಅದನ್ನ ಹೆಂಗೆ ಹೇಳ್ತೀರಿ?"

"ಅದು ಲಾಡ್ಜಿನ ವಿಷಯ ಕಣೇ. ಪ್ರಮಾಣ ಮುರಿಯಕ್ಕಾಗುತ್ತಾ?"

"ಮುರೀಬೇಡಿ. ಅವ್ರು ಹೇಳ್ಬೇಡಿ ಅಂದಿದ್ದು ನಂಗೂ ಬೇಡ. ಅಲ್ಲಿ ನಮ್ಮ ಧರ್ಮಕ್ಕೆ ಆಗದೇ ಇರೋದು ಏನಾದ್ರೂ ಮಾಡಿದೀರಾ? ಹೂಂ ಅನ್ನಿ, ಇಲ್ಲ ಅನ್ನಿ. ಅಷ್ಟು ಸಾಕು."

"ಹೇಳೋ ಹಂಗಿಲ್ಲ," ಎಂದುಬಿಟ್ಟ ಪದ್ಮಣ್ಣ. ಕ್ಷಮಾ ಉಳಿದ ಬಟ್ಟೆ ಮಡಿಸಿಟ್ಟಳು.

ಅವನಿಗೆ ತಡೆಯಲಾಗಲಿಲ್ಲ. ಅಂಗಡಿಗೆ ಹೋಗಿ ಚಂದ್ರಮೌಳಿಗೆ ಫೋನ್ ಮಾಡಿ, ಹೆಂಡತಿಗೆ ಏನೇನು ಹೇಳಬಹುದು ಎಂದು ಕೇಳಿದ. ಅವರು ನಕ್ಕರು. "ಗುರುತಿನ ಮಾತು, ಕೈ ಕುಲುಕೋದು, ಅವೆರಡು ಬಿಟ್ಟು ಎಲ್ಲ ಹೇಳಿ ಮಾರಾಯ್ರೆ. ನನ್ನ ಏಪ್ರನ್ ಇಸ್ತ್ರಿ ಮಾಡಿಕೊಡೋಳೇ ನನ್ನ ಹೆಂಡ್ತಿ ಪ್ರೇಮಕುಮಾರಿ. ನೀವು ಅದೇನು ಮುಚ್ಚಿಟ್ಟಿದೀರಿ?" ಪದ್ಮಣ್ಣ ಏನೂ ಇಲ್ಲ ಎಂದು ಫೋನ್ ಇಟ್ಟ. ತಲೆಯೆತ್ತಿದರೆ ಅಟ್ಟದ ಮೇಲೆ ಹಂಡೆ. ಅವನಿಗೆ ನಾಚಿಕೆಯಾಯಿತು. ಆದರೂ ಮನೆಗೆ ಹೋಗಿ ಹೇಳುವ ಧೈರ್ಯ ಬರಲಿಲ್ಲ. ನಾಳೆ ಮೂರು ಮಾತು ಹೇಳಿ ಮುಗಿಸಿದರಾಯಿತು, ಅವಳ ಆಸೆಯೂ ತೀರುತ್ತದೆ ಎಂದುಕೊಂಡ.

ಜಿನನಾಥಪುರದಲ್ಲಿ ಬೆಳಗಾಗುವ ಮುಂಚೆಯೇ ಮನೆಯವರೆಲ್ಲ ಎದ್ದಿದ್ದರು. ಬಾವಿಯ ನೀರು ಸೇದಿ, ಸೋಸಿ, ಕಾಯಿಸಿ, ಮನೆಯಲ್ಲೇ ಬೀಸಿದ ಹಿಟ್ಟಿನ ಅಡುಗೆ ಮಾಡಿದರು. ಸಂಘ ಮರುದಿನವೇ ಮುಂದಿನ ಊರಿಗೆ ಹೊರಡುವುದಿತ್ತು, ಇವತ್ತು ತಪ್ಪಿದರೆ ತಪ್ಪಿದಂತೆಯೇ. ಆಹಾರಕ್ಕೆ ಹೊರಟ ಗುರುತಾಗಿ ಬಲಗೈ ಬೆರಳುಗಳನ್ನು ಹೆಗಲಿಗೆ ತಾಗಿಸಿಕೊಂಡು ಮುನಿಗಳು ಬೀದಿಯ ತಿರುವಿನಲ್ಲಿ ಕಾಣಿಸಿದರು. ಸಾಲಾಗಿ ಬಾಗಿಲುಗಳಲ್ಲಿ ನಿಂತವರೆಲ್ಲ ನಮೋಸ್ತು ನಮೋಸ್ತು ಎಂದು ಕರೆದರು. ಕ್ಷಮಾಳ ದನಿಯೂ ಕೇಳಿಸಿತು. ಮುನಿಗಳು ಅವಳ ಮುಂದೆ ಬಂದು ನಿಂತರು.

ಇಬ್ಬರೂ ಅವರಿಗೆ ಮೂರು ಸುತ್ತು ಬಂದು ಕೈಮುಗಿದರು. ಕ್ಷಮಾ ಮೂರು ಮಾತನ್ನೂ ಹೇಳಿದಳು. ಪದ್ಮಣ್ಣ ಮನಶುದ್ಧಿ ಎಂದ. ಮುಂದಿನದು ಬಾಯಿಗೆ ಬರಲಿಲ್ಲ. ಪಕ್ಕದಲ್ಲಿ ಕ್ಷಮಾ ಕಲಶ ಹಿಡಿದು ಕಾಯುತ್ತಿದ್ದಳು. ಹೇಳಿಬಿಡು, ಒಂದೇ ಮಾತು ಎಂದು ಒಳಗಿನಿಂದ ಯಾರೋ ತಿವಿದರು. ಅವನು ತಲೆ ತಗ್ಗಿಸಿ ನಿಂತ. ಮುನಿಗಳು ಸ್ವಲ್ಪ ಹೊತ್ತು ಕಾದರು, ಕೋಪವಿಲ್ಲದೆ ಅವನನ್ನು ನೋಡಿದರು, ಮುಂದಿನ ಮನೆಯತ್ತ ನಡೆದರು.

"ಹೋಗ್ಲಿ ಬಿಡಮ್ಮ, ನಮಗೆ ಯೋಗ ಇರಲಿಲ್ಲ," ಎಂದರು ಕ್ಷಮಾಳ ತಂದೆ ಧರಣೇಂದ್ರಯ್ಯ. ಕ್ಷಮಾ ಕಲಶ ಒಳಗಿಟ್ಟು ಹಿತ್ತಿಲಿಗೆ ಹೋದಳು. ಪದ್ಮಣ್ಣ ಹಿಂದೆಯೇ ಹೋಗಿ, ಬಾವಿಕಟ್ಟೆಯ ಹತ್ತಿರ ನಿಂತು ಎಲ್ಲ ಹೇಳಿದ. ಏಪ್ರನ್, ಬಸ್ಸಿನ ಧೂಳೆಂಬ ಸುಳ್ಳು, ಹಂಡೆ.

"ಕುರಿಮರಿನಾ?" ಎಂದಳು ಅವಳು.

"ಹೂಂ. ಕಟ್ಟಿದಾಗ ಗೊತ್ತಿರಲಿಲ್ಲ. ಮುಚ್ಚಿಟ್ಟಿದ್ದು ಮಾತ್ರ ಗೊತ್ತಿದ್ದೇ."

"ಹೇಳಿದ್ರೆ ನಾನೇನು ನಿಮ್ಮನ್ನ ಮನೆಯಿಂದ ಆಚೆ ಹಾಕ್ತಿದ್ನಾ?" ಕ್ಷಮಾಳ ಕಣ್ಣಲ್ಲಿ ನೀರು ಬಂತು. "ಇವತ್ತು ಬಾಗಿಲಲ್ಲಿ ಒಂದು ಮಾತು ಅಂದುಬಿಟ್ಟಿದ್ರೆ ಸ್ವಾಮಿಗಳು ಒಳಗೆ ಬರೋರು. ಅದ್ಯಾಕೆ ಅನ್ನಲಿಲ್ಲ?"

"ನೀನು ಪಕ್ಕದಲ್ಲಿ ನಿಂತಿದ್ದೆ."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು, "ನಂಗೆ ಸಿಟ್ಟು ಇಳಿದಿಲ್ಲ, ಇಳಿದಿದೆ ಅಂದ್ಕೋಬೇಡಿ," ಎಂದಳು. ಮುನಿಗಳಿಗೆಂದು ಮಾಡಿದ ಅಡುಗೆಯನ್ನು ಅವನಿಗೆ ಬಡಿಸಿ, ತಾನೂ ಎದುರಿಗೆ ಕೂತು ಉಂಡಳು.

ಪಟ್ಟಣಕ್ಕೆ ವಾಪಸಾದ ಮೇಲೆ ಅವಳೇ ಅಂಗಡಿಗೆ ಬಂದು ಹಂಡೆ ಇಳಿಸಲು ಹೇಳಿದಳು. ಚರ್ಮವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಹೊಸದಾಗಿ ಅಗೆದರೆ ಹುಳುಹುಪ್ಪಟೆ ಸಾಯುತ್ತವೆಂದು, ಅಂಗಡಿಯ ಹಿಂದೆ ತೆಂಗಿನ ಸಸಿಗೆ ಮೊದಲೇ ತೋಡಿಸಿದ್ದ ಗುಂಡಿಯಲ್ಲಿ ಇಟ್ಟು, ಇಬ್ಬರೂ ಮಣ್ಣು ಕೊಟ್ಟರು. ಕ್ಷಮಾ ಕಣ್ಣು ಮುಚ್ಚಿ ಣಮೋ ಅರಿಹಂತಾಣಂ ಎಂದು ಶುರು ಮಾಡಿದಳು. ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಗುಂಡಯ್ಯನ ತಲೆ ಎದ್ದಿತು.

"ಏನಕ್ಕಾ, ಗಂಡ ಎಂಡ್ತಿ ಅದೇನೋ ಊಳ್ತಾ ಇದ್ದೀರಿ?"

ಸಂಜೆಯೊಳಗೆ ಊರಲ್ಲಿ ನಿಧಿಯ ಸುದ್ದಿ ಹಬ್ಬುತ್ತದೆಂದು ಪದ್ಮಣ್ಣನಿಗೆ ಗೊತ್ತಾಯಿತು. ಹೆಂಡತಿಯ ಮುಖ ನೋಡಿದ.

"ಅದು ಹೇಳೋ ಹಂಗಿಲ್ಲ ಗುಂಡಣ್ಣ," ಎಂದಳು ಕ್ಷಮಾ. ಅರ್ಧಕ್ಕೆ ನಿಂತಿದ್ದ ಮಂತ್ರವನ್ನು ಮತ್ತೆ ಮೊದಲಿನಿಂದ ಹೇಳತೊಡಗಿದಳು. ಪದ್ಮಣ್ಣನೂ ದನಿ ಕೂಡಿಸಿದ.