ದೊರೆಗೊಂದು ಮೋರಿ

ಯಾರ ಮನೆಗೆ ಕೆಲಸಕ್ಕೆ ಹೋದರೂ ಈ ಪ್ಲಂಬರ್ ಮೊದಲು ಕೇಳುವುದು ಒಂದು ಚೊಂಬು ನೀರು. ಕುಡಿಯುವುದಕ್ಕಲ್ಲ. ಬಚ್ಚಲ ನೆಲಕ್ಕೆ ಸುರಿದು, ಅದು ಎತ್ತ ಹರಿಯುತ್ತದೆ ಎಂದು ಕುಕ್ಕರಗಾಲಲ್ಲಿ ಕೂತು ನೋಡುವುದಕ್ಕೆ. ನೀರು ಇಳಿಜಾರು ಹಿಡಿದು ಸೀದಾ ತೂತಿಗೆ ಹೋದರೆ "ವಾಟ ಚೆನ್ನಾಗಿದೆ" ಎಂದು ತಲೆದೂಗುತ್ತಾನೆ. ಮೂಲೆಯಲ್ಲಿ ನಿಂತಿತೋ, ಆ ನೆಲ ಮಾಡಿದವನಿಗೆ ಅಲ್ಲೇ ಮಂಗಳಾರತಿ. ಬೀದಿಯವರು ಅವನಿಗೆ ಚೊಂಬಣ್ಣ ಎಂದು ಹೆಸರಿಟ್ಟದ್ದು ಹೀಗೆ. ನಂಬಿದವರ ಕೈಗೆ ಚೊಂಬು ಕೊಡುವವರೂ ಲೋಕದಲ್ಲಿ ಉಂಟಲ್ಲ, ಅದನ್ನು ನೆನೆಸಿಕೊಂಡು ಅವನ ಬೆನ್ನ ಹಿಂದೆ ಮುಸಿಮುಸಿ ನಗುವವರೂ ಇದ್ದರು. ನಗಲಿ ಬಿಡಿ. ಹದಿನೇಳು ವರ್ಷದಲ್ಲಿ ಅವನ ಕೆಲಸ ಸೋರಿತು ಎಂದವರಿಲ್ಲ. ಆ ಮಾತನ್ನು ಅವನೇ ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದ, ಅದು ಬೇರೆ ವಿಷಯ.

ಅಂಥವನ ಅಕ್ಕನ ಮನೆಯೇ ಸೋರುತ್ತಿದೆ ಎಂದು ಕೆಳಗಿನ ಮನೆಯ ಓನರಮ್ಮ ದೂರು ತಂದರು. ಅಕ್ಕನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಇಪ್ಪತ್ತೈದು ವರ್ಷದಿಂದ ರೋಗಿಗಳ ಹಾಸಿಗೆ ಬಟ್ಟೆ ಒಗೆದು, ನೀಲಿ ಹಾಕಿ, ಮಡಚಿ ಇಟ್ಟವಳು. ಮದುವೆಯಾಗಲಿಲ್ಲ. ಓನರಮ್ಮನ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ಒಬ್ಬಳೇ ಎನ್ನುವುದೂ ಪೂರ್ತಿ ಸರಿಯಲ್ಲ. ಮೂರು ವರ್ಷದ ಹಿಂದೆ ಕೊಳೆ ಬಟ್ಟೆಯ ಗಂಟು ಬಿಚ್ಚಿದಾಗ ಒಳಗೆ ಗೇಣುದ್ದದ ಹಸಿರು ಮರಿಯೊಂದು ಪಿಳಿಪಿಳಿ ಕಣ್ಣು ಬಿಡುತ್ತ ಕೂತಿತ್ತು. ಇಗ್ವಾನಾ ಅಂತೆ, ಸೊಪ್ಪು ತಿನ್ನುವ ಹಲ್ಲಿಯ ಜಾತಿ. ಆಸ್ಪತ್ರೆಯ ಬಾಗಿಲಿಗೆ ಚೀಟಿ ಅಂಟಿಸಿದರೂ ನಮ್ಮದು ಎಂದು ಯಾರೂ ಬರಲಿಲ್ಲ. ಅಕ್ಕ ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದಳು, ದೊರೆ ಎಂದು ಕರೆದಳು, ಗಾಜಿನ ಬಾಗಿಲಿನ ಹಳೆಯ ಬೀರು ಖಾಲಿ ಮಾಡಿ ಅದಕ್ಕೆ ಬಿಟ್ಟುಕೊಟ್ಟಳು. ಈಗ ದೊರೆ ಬಾಲ ಸೇರಿ ಎರಡು ಮೊಳ. ಸಂಜೆ ಅವಳು ಬಾಗಿಲು ತೆರೆದರೆ ತಲೆ ಎತ್ತಿ ನೋಡುತ್ತಾನೆ. ಅಷ್ಟೇ. ಅಷ್ಟಕ್ಕೇ ಅಕ್ಕ ಆ ದಿನದ ಸುದ್ದಿಯನ್ನೆಲ್ಲ ಅವನಿಗೆ ಒಪ್ಪಿಸುತ್ತಾಳೆ.

ದೊರೆಗೆ ಸದಾ ತೇವ ಬೇಕು. ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಆ ನೀರೆಲ್ಲ ಬೀರುವಿನ ತಳದ ಮಣ್ಣಲ್ಲಿ ಕೆಸರಾಗಿ ನಿಲ್ಲುತ್ತಿತ್ತು. ಹಾಗಾಗಿ ಓನರಮ್ಮನ ಹೊಲಿಗೆ ಮಿಷನ್ನಿನ ಮೇಲೆ ಚಾವಣಿಯಿಂದ ತೊಟ್ಟಿಕ್ಕತೊಡಗಿದಾಗ ಅವರು ಬೇರೆ ಯೋಚನೆಯನ್ನೇ ಮಾಡಲಿಲ್ಲ.

"ನೋಡಪ್ಪಾ, ನಿನ್ನಕ್ಕ ಅಂದ್ರೆ ನನಗೂ ಪ್ರೀತಿನೇ. ಆದ್ರೆ ಆ ಓತಿಕ್ಯಾತಕ್ಕೆ ಮೇಲೆ ಸ್ನಾನ, ನನಗೆ ಕೆಳಗೆ ಮಳೆ ಅಂದ್ರೆ ಹೇಗೆ? ಭಾನುವಾರದೊಳಗೆ ಸೋರೋದು ನಿಲ್ಲಬೇಕು. ಇಲ್ಲಾ, ಅದು ಮನೆ ಬಿಡಬೇಕು."

ಅಕ್ಕ ಜಗಳವಾಡುತ್ತಾಳೆ ಎಂದು ಚೊಂಬಣ್ಣ ಅಂದುಕೊಂಡಿದ್ದ. ಅವಳು ಆಡಲಿಲ್ಲ. "ಬಿಡೋ, ಕೊಟ್ಟುಬಿಡ್ತೀನಿ. ಪ್ರಾಣಿ ಅಂಗಡಿಯವರು ತಗೋತೀವಿ ಅಂದಿದಾರೆ" ಎಂದಳು, ಅವನ ಮುಖ ನೋಡದೆ.

"ಕೊಡೋದಾ? ನಾನೇನು ಸತ್ತಿದೀನಾ? ಊರಿಗೆಲ್ಲ ಮೋರಿ ಮಾಡೋನು, ನಿನ್ನ ದೊರೆಗೊಂದು ಮಾಡಲ್ವಾ?"

ಶನಿವಾರ ಬೆಳಗ್ಗೆಯೇ ಕೆಲಸ ಹಿಡಿದ. ಬೀರುವಿನ ತಳದ ಅಳತೆಗೆ ಸರಿಯಾಗಿ ದಪ್ಪ ಪ್ಲಾಸ್ಟಿಕ್ ತಟ್ಟೆಯೊಂದನ್ನು ಕೂರಿಸಿ, ಹಿಂಬದಿಗೆ ಮರದ ಪಟ್ಟಿ ಕೊಟ್ಟು ಎತ್ತರಿಸಿದ. ತಗ್ಗಿನ ಮೂಲೆಗೆ ತೂತು ಕೊರೆದು, ಟ್ಯಾಂಕಿಗೆ ಪೈಪು ಜೋಡಿಸುವ ನಿಪ್ಪಲ್ ತೂರಿಸಿ, ಒಳಗೊಂದು ಹೊರಗೊಂದು ರಬ್ಬರ್ ವಾಷರ್ ಹಾಕಿ ಬಿಗಿದ. ಅಲ್ಲಿಂದ ಪೈಪು ನೇರ ಬಕೆಟ್ಟಿಗೆ. ದೊರೆ ಟವೆಲ್ ಹೊದ್ದು ಅಕ್ಕನ ಮಡಿಲಲ್ಲಿ ಕೂತು, ಮೇಸ್ತ್ರಿಯ ಹಾಗೆ ಒಂದೇ ಕಣ್ಣಲ್ಲಿ ಕೆಲಸ ನೋಡುತ್ತಿದ್ದ.

ಮಣ್ಣು ತುಂಬುವ ಮೊದಲೇ ಪರೀಕ್ಷೆ. ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ ನಾಲ್ಕು ಚೊಂಬು ಸುರಿದ. ನಾಲ್ಕೂ ಬಕೆಟ್ಟಿಗೆ ಬಂದವು, ತಟ್ಟೆಯ ಅಡಿ ಬಟ್ಟೆ ಒತ್ತಿದರೆ ಬಿಳಿಯಾಗಿಯೇ ಉಳಿಯಿತು. "ಇನ್ನು ಸೋರಿದ್ರೆ ನನ್ನ ಕಿವಿ ಕತ್ತರಿಸು" ಎಂದ. ತಟ್ಟೆ ತೊಳೆದು, ಬಕೆಟ್ಟಿನ ನೀಲಿ ನೀರನ್ನು ಹೊರಗೆ ಚೆಲ್ಲಿ, ತೂತಿನ ಬಾಯಿಗೆ ಜಾಲರಿ ಇಟ್ಟು, ನಾಲ್ಕು ಬೆರಳು ಎತ್ತರ ಇಟ್ಟಿಗೆ ಚೂರು ಹರಡಿ, ಮೇಲೆ ನೈಲಾನ್ ಬಲೆ, ಅದರ ಮೇಲೆ ಮಣ್ಣು. ಹಾಕಿದ ನೀರು ಮಣ್ಣನ್ನು ತೇವ ಮಾಡಿ, ಮಿಕ್ಕಿದ್ದು ಚೂರಿನ ಸಂದಿಯಲ್ಲಿ ಇಳಿದು ಹೋಗುತ್ತದೆ. ದೊರೆ ಒಳಗೆ ಹೋಗಿ ಎರಡು ಸುತ್ತು ಹಾಕಿ ಕೊಂಬೆ ಏರಿದ. ಅಕ್ಕ ಎದ್ದು ಮೈಕೈಗೆ ಮೆತ್ತಿದ ಮಣ್ಣು ತೊಳೆದುಕೊಳ್ಳಲು ಸ್ನಾನಕ್ಕೆ ಹೋದಳು.

ಅರ್ಧ ಗಂಟೆಯಲ್ಲಿ ಕೆಳಗಿನಿಂದ ಕೂಗು ಬಂತು. ಅವನು ಓಡಿಹೋಗಿ ನೋಡಿದರೆ ಮಿಷನ್ನಿನ ಮೇಲೆ ಟಪ್ ಟಪ್. ನೀರಿನಲ್ಲಿ ನೀಲಿಯ ಸುಳಿವೂ ಇಲ್ಲ.

"ಅಮ್ಮಾ, ಇದು ದೊರೆ ನೀರಲ್ಲ. ನೀಲಿ ಹಾಕಿ ನೋಡಿದೀನಿ."

"ಅಕ್ಕನ ಪರ ತಮ್ಮ ಹೇಳ್ದೆ ಇನ್ಯಾರು ಹೇಳ್ತಾರೆ! ಓತಿಕ್ಯಾತಕ್ಕೆ ಬೇಲಿ ಸಾಕ್ಷಿ. ಮೇಲೆ ಸೋರೋಕೆ ಇನ್ನೇನಿದೆ ಹೇಳು? ಬಚ್ಚಲು ನೀನೇ ಮಾಡಿದ್ದು. ಅದನ್ನ ತೋರಿಸೇ ತಾನೆ ಬೀದಿಗೆಲ್ಲ ನಿನ್ನ ಹೆಸರು ಹೇಳಿದ್ದು ನಾನು?"

ಅವನು ಮೆಟ್ಟಿಲು ಹತ್ತಿದ, ಆ ಕೊನೆಯ ಮಾತೂ ಜೊತೆಗೇ ಹತ್ತಿತು. ಆ ಬಚ್ಚಲು ಅವನು ಇಪ್ಪತ್ತೆರಡರ ವಯಸ್ಸಿನಲ್ಲಿ, ಮೇಸ್ತ್ರಿಯಿಲ್ಲದೆ ಒಬ್ಬನೇ ಮಾಡಿದ ಮೊದಲ ಕೆಲಸ. ನೀಲಿಯ ಪೊಟ್ಟಣ ತೆಗೆದುಕೊಂಡು ಅಲ್ಲಿಗೆ ನಡೆದ. ಅಕ್ಕ ಒದ್ದೆ ತಲೆಯಲ್ಲೇ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲಿ ಹಾಕ್ಬೇಡ."

"ಯಾಕೆ?"

"ಟೈಲ್ಸಿಗೆ ಕಲೆ ಹಿಡಿಯುತ್ತೆ."

ಇಪ್ಪತ್ತೈದು ವರ್ಷ ನೀಲಿಯಲ್ಲಿ ಕೈ ಅದ್ದಿದವಳು ಆಡುವ ಮಾತೇ ಇದು? ನೀಲಿ ಟೈಲ್ಸಿಗೆ ಹಿಡಿಯುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಯಾವಾಗಿಂದ ಗೊತ್ತು ಅಕ್ಕಾ?"

ಅಕ್ಕ ಸೆರಗಿನ ತುದಿ ಹಿಂಡಿದಳು. "ಹದಿನೈದು ದಿನ ಆಯ್ತು. ನಾನು ಇಲ್ಲಿ ನೀರು ಹುಯ್ಕೊಂಡ್ರೆ ಕೆಳಗೆ ಓನರಮ್ಮ 'ಅಯ್ಯೋ, ಬಂತು' ಅಂತಾರೆ. ದೊರೆಗೆ ಚಿಮುಕಿಸಿದಾಗ ಅನ್ನಲ್ಲ."

"ಮತ್ತೆ ಬಾಯಿ ಬಿಡಬಾರ್ದಿತ್ತಾ?"

"ನಿನ್ನ ಹೆಸರು ನಿಂತಿರೋದೇ ಈ ಬಚ್ಚಲ ಮೇಲೆ ಕಣೋ. ಹೆಸರು ಹೋದ್ರೆ ಯಾರು ಕರೀತಾರೆ ನಿನ್ನ? ದೊರೆ ಹೋಗ್ಲಿ. ಆಮೇಲೂ ಸೋರಿದ್ರೆ, ಅವನನ್ನ ಬಚ್ಚಲಲ್ಲಿ ಬಿಡ್ತಿದ್ದೆ, ಉಗುರಲ್ಲಿ ಕೆರೆದು ಪೈಪು ಸಡಿಲ ಮಾಡಿದಾನೆ ಅಂತ ಹೇಳ್ತೀನಿ. ನೀನು ಬಂದು ಸರಿ ಮಾಡು. ಯಾರಾದ್ರೂ ತಪ್ಪು ಹೊರಬೇಕಲ್ಲ, ದೊರೆ ಹೊರಲಿ. ಹೆಸರು ಕೆಟ್ರೆ ಅದಕ್ಕೇನು ಗೊತ್ತಾಗುತ್ತೆ?"

ಅವನು ಹೊಸ್ತಿಲ ಮೇಲೆ ಕೂತ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಅವನಿಗೂ ಆಸೆಯಾಯಿತು. ನೆಲ ಒಡೆಯದೆ ಆ ಪೈಪು ಕೈಗೆ ಸಿಗದು, ಓನರಮ್ಮನಿಗೆ ಕಾರಣ ಹೇಳದೆ ನೆಲ ಒಡೆಯುವಂತಿಲ್ಲ. ಅಕ್ಕ ಹೆಣೆದಿದ್ದು ಎಲ್ಲೂ ಸೋರದ ಉಪಾಯ. ಅಷ್ಟರಲ್ಲಿ ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ದೊರೆಯನ್ನು ಅಂಗಡಿಗೆ ಒಯ್ಯಲೆಂದು ಅಕ್ಕ ಅದಕ್ಕೆ ಗಾಳಿಯಾಡುವಂತೆ ಸುತ್ತ ಸಣ್ಣ ಸಣ್ಣ ತೂತು ಮಾಡಿ, ಒಳಗೆ ಇಸ್ತ್ರಿ ಮಾಡಿದ ಮೆತ್ತನೆಯ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದಳು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎದ್ದು, ಅಕ್ಕನನ್ನು ಪಕ್ಕಕ್ಕೆ ಸರಿಸಿ, ಪೊಟ್ಟಣವನ್ನೆಲ್ಲ ಬಚ್ಚಲಿಗೆ ಸುರಿದು ಎರಡು ಬಕೆಟ್ ನೀರು ಹುಯ್ದ.

ಕೆಳಗೆ ಹೋಗಿ ಮಿಷನ್ನಿನ ಮೇಲೆ ಬಿಳಿ ಬಟ್ಟೆ ಹಾಸಿದ. "ಇಲ್ಲೇ ನಿಂತು ನೋಡಿ ಅಮ್ಮಾ. ನೀಲಿ ಬಿದ್ರೆ ಅದು ಬಚ್ಚಲು ನೀರು. ತಪ್ಪು ದೊರೇದಲ್ಲ, ನಂದು." ಇಬ್ಬರೂ ಕತ್ತು ಮೇಲೆತ್ತಿ ನಿಂತರು. ಕತ್ತು ನೋಯುವಷ್ಟು ಹೊತ್ತು ನಿಂತ ಮೇಲೆ ಬಿತ್ತು, ಅಪ್ಪಟ ನೀಲಿ.

ಓನರಮ್ಮ ಆ ಕಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಅಲ್ಲಾ, ಇನ್ನು ಬೀದಿಯವರಿಗೆ ಏನಂತ ಹೇಳ್ಲಿ?"

"ಸೋರ್ತು ಅಂತ್ಲೇ ಹೇಳಿ."

ಹೇಳಿದರು. ಓನರಮ್ಮನ ಬಾಯಲ್ಲಿ ಏನು ನಿಲ್ಲುತ್ತದೆ? ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ಸೋಮವಾರ ಬಾ ಎಂದಿದ್ದ ಎರಡು ಮನೆಯವರು ಬೇಡವೆಂದು ಹೇಳಿಕಳಿಸಿದರು. ಚೊಂಬಣ್ಣ ಎಲ್ಲರಿಗೂ ಚೊಂಬು ಕೊಟ್ಟ ಎಂದು ಈಗ ಎದುರಿಗೇ ನಕ್ಕರು. ದೊರೆ ಮಾತ್ರ ಬೀರುವಿನಲ್ಲೇ ಉಳಿದ. ಅವನನ್ನು ಕಳಿಸುವ ಮಾತನ್ನು ಓನರಮ್ಮ ಮತ್ತೆ ಎತ್ತಲಿಲ್ಲ.

ಭಾನುವಾರ ಬಚ್ಚಲ ನೆಲ ಒಡೆದ. ತೂತಿನ ಕೆಳಗಿನ ಪೈಪು ಹಿಡಿದು ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈಗೇ ಬಂತು. ಒಳಗೆಲ್ಲೂ ಅಂಟಿನ ಗುರುತೇ ಇಲ್ಲ. ಆಮೇಲೆ ಅಂಟಿಸಿದರಾಯಿತು ಎಂದು ಬರೀ ತೂರಿಸಿಟ್ಟು, ಹಾಗೆಯೇ ಮೇಲೆ ಗಾರೆ ಮುಚ್ಚಿದ್ದ. ಹದಿನೇಳು ವರ್ಷ ಅದು ತಡೆದದ್ದೇ ಹೆಚ್ಚು.

"ಏನಾಗಿದ್ಯೋ?" ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು.

"ಸೊಲ್ಯೂಷನ್ ಹಚ್ಚೋದೇ ಮರ್ತಿದೀನಿ."

"ಅಯ್ಯೋ, ಅವತ್ತು ನಾನೇ ಊಟಕ್ಕೆ ಬಾ ಬಾ ಅಂತ ಅವಸರ ಮಾಡಿದ್ದೆ ಕಣೋ. ಅದಕ್ಕೇ ನೀನು..."

ಅವನು ಉಳಿಯನ್ನು ಕೆಳಗಿಟ್ಟ. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಇದೊಂದು ತಪ್ಪನ್ನಾದ್ರೂ ನನಗೆ ಬಿಡು."

ಅಕ್ಕ ಬಂದು ಅವನ ಪಕ್ಕದಲ್ಲಿ ಕೂತು, ಸೊಲ್ಯೂಷನ್ ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆದು ಅವನ ಕೈಗೆ ಕೊಟ್ಟಳು.